ಒಂದು ಬೆರಳಿನ ಮರ್ಯಾದೆ

ಅಜ್ಜಿ ಮತ್ತೆ ಹೊರಗೆ ನಿಂತಿದ್ದಾಳೆ ಎಂದು ಎದುರುಮನೆಯ ರುದ್ರವೇಣಿಯಕ್ಕ ತನ್ನ ಕಿಟಕಿಯಿಂದ ಕೂಗಿ ಹೇಳಿದಾಗ ನನ್ನ ಕೈಯೆಲ್ಲ ಹುಣಸೆಹಣ್ಣಿನ ರಸವಾಗಿತ್ತು. ತೊಳೆದುಕೊಳ್ಳದೆ ಹಾಗೇ ಎದ್ದೆ. ಆ ವಾರದಲ್ಲಿ ಎಷ್ಟನೆಯ ಸಲವೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೆ. ಒಳಗಿನಿಂದ ತೆರೆಯುವುದಕ್ಕೆ ನಮ್ಮ ಬಾಗಿಲುಗಳಿಗೆ ಏನೂ ಬೇಕಿಲ್ಲ, ಚಿಲಕ ಎಳೆದರೆ ಸಾಕು. ಎಳೆದೆ. ಅಜ್ಜಿ ಜಗಲಿಯ ಮೇಲೆ ಬಲಗೈಯ ತೋರುಬೆರಳನ್ನು ಬಾಗಿಲಿನ ಗುಳಿಯಲ್ಲಿಟ್ಟುಕೊಂಡು, ತಲೆ ಎತ್ತಿ, ಯಾರನ್ನೋ ಮದುವೆಗೆ ಕರೆಯಲು ಬಂದವಳ ಗತ್ತಿನಲ್ಲಿ ನಿಂತಿದ್ದಳು.

"ಬಾಗಿಲು ಈಗಿನ್ನೇನು ನನ್ನ ಕೇಳೋದ್ರಲ್ಲಿತ್ತು. ನೀನು ಬಂದು ಕೆಡಿಸಿದೆ," ಎಂದಳು.

ಕೇಳೋದರಲ್ಲಿತ್ತಂತೆ. ಅದು ಆಗಿನಿಂದಲೂ ಕೇಳುತ್ತಲೇ ಇತ್ತು. ಚಿಲಕ ಹಿಡಿದ ನನ್ನ ಕೈಗೆ ಚೆನ್ನಾಗಿ ಗೊತ್ತಾಗಿತ್ತು.

ನಮ್ಮೂರಿನಲ್ಲಿ ಬಾಗಿಲಿಗೆ ಬೀಗ ಹಾಕುವುದಿಲ್ಲ. ಹೊರಗಿನಿಂದ ಬಂದವರು ಗುಳಿಯಲ್ಲಿ ಬೆರಳಿಡಬೇಕು. ಮನೆಯವರಾದರೆ ಮರ ಒಳಗೊಳಗೇ ನಡುಗಿ ಕೇಳುತ್ತದೆ: ಎರಡು ಸಲ ನಡುಗಿ, ತಡೆದು, ಮತ್ತೊಂದು ಸಲ, ಹೀಗೆ ಏನೋ ಒಂದು. ಕೇಳಿದ್ದನ್ನೇ ಬೆರಳಿನಲ್ಲಿ ತಟ್ಟಿ ಒಪ್ಪಿಸಿದರೆ ತೆರೆದುಕೊಳ್ಳುತ್ತದೆ. ಈಗ ಕೇಳಿದ್ದನ್ನು ಸಂಜೆ ಕೇಳುವುದಿಲ್ಲ, ಹಾಗಾಗಿ ಬಾಯಿಪಾಠ ನಡೆಯುವುದಿಲ್ಲ. ಪರರು ಬೆರಳಿಟ್ಟರೆ ಮರ ಮರದ ಹಾಗೆ ಸುಮ್ಮನಿರುತ್ತದೆ. ತೆರೆದಿಟ್ಟು ಹೋದರೆ ತಾನೇ ಮುಚ್ಚಿಕೊಳ್ಳುತ್ತದೆ. ಹೊಸದಾಗಿ ಬಂದ ಸೊಸೆಯಂದಿರು ಬಾಗಿಲು ತಮ್ಮನ್ನು ಕೇಳುವ ತನಕ ದಿನಾ ಅದರ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಾರೆ. ಬಣ್ಣದ ಕೊಪ್ಪರಿಗೆಯಲ್ಲಿ ಕೈಯಾಡಿಸಿ ಬಂದವರು ಬೆರಳಿನ ನೆರಿಗೆ ಹೋಗುವ ತನಕ ಕಾಯುತ್ತಾರೆ. ಜಗಳವಾಡಿ ಸಿಟ್ಟಿನಲ್ಲಿ ಬಂದವರಿಗೂ ಕಷ್ಟವೇ, ನಡುಗುತ್ತಿರುವುದು ಬಾಗಿಲೋ ತಮ್ಮ ಕೈಯೋ ಎಂದು ತಿಳಿಯುವುದಿಲ್ಲ. ಅದಕ್ಕೇ ನಮ್ಮೂರಿನ ಜಗಲಿಗಳು ಇಷ್ಟು ಅಗಲ.

ನನ್ನ ಅಜ್ಜಿ ಚೆಲುವಜ್ಜಿ ಈ ಮನೆಗೆ ಸೊಸೆಯಾಗಿ ಬಂದಾಗ ಬಾಗಿಲು ಮೂರನೆಯ ದಿನಕ್ಕೇ ಅವಳನ್ನು ಕೇಳಿತಂತೆ. ಅಷ್ಟು ಬೇಗ ಕೇರಿಯಲ್ಲಿ ಯಾರಿಗೂ ಆಗಿರಲಿಲ್ಲವಂತೆ. ಈ ಮಾತನ್ನು ಅವಳು ಅಮ್ಮನ ಎದುರಿಗೆ ಹೇಳಿದಷ್ಟು ಸಲ ಬೇರೆ ಯಾರ ಎದುರಿಗೂ ಹೇಳಿಲ್ಲ, ಯಾಕೆಂದರೆ ಅಮ್ಮ ಕೂತು ಆರಿಸಿದ ಅಕ್ಕಿಯಲ್ಲಿ ಒಂದು ಮದುವೆ ಮಾಡಬಹುದಿತ್ತಂತೆ. ಅಂಥವಳು ಈಗ ಮಳೆಗಾಲ ಶುರುವಾದಾಗಿನಿಂದ ತನ್ನದೇ ಬಾಗಿಲ ಹೊರಗೆ ನಿಲ್ಲುತ್ತಿದ್ದಳು.

ಬೇರೆಯವರು ತೆರೆದ ಬಾಗಿಲಿನಿಂದ ಒಂದೆರಡು ಸಲ ಒಳಗೆ ಬಂದರೆ ಯಾರೂ ಕೇಳುವುದಿಲ್ಲ. ಮಳೆಗಾಲವಿಡೀ ಹಾಗೇ ಬಂದರೆ ಅತಿಥಿ. ಅತಿಥಿಯನ್ನು ಅತಿಥಿಯಂತೆ ನಡೆಸಿಕೊಳ್ಳದಿದ್ದರೆ ಬಾಗಿಲು ಸಿಟ್ಟಾಗಿ ಮನೆಯವರೆಲ್ಲರನ್ನೂ ಕೇಳುವುದು ಬಿಡುತ್ತದೆ ಎಂಬ ಭಯ ಅಮ್ಮನಿಗೆ. ಅಷ್ಟು ಅಕ್ಕಿ ಆರಿಸಿದವಳ ಭಯ. ಹಾಗಾಗಿ ಅವಳು ಅಜ್ಜಿಗೆ ಉದ್ದನೆಯ ಹಿತ್ತಾಳೆ ಲೋಟದಲ್ಲಿ ಕಾಫಿ ಕೊಡಲು ಶುರು ಮಾಡಿದಳು, ಬಂದವರಿಗೆ ಕೊಡುವ ಲೋಟ. ಕೊಡುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅಜ್ಜಿ ಲೋಟವನ್ನು ಬೆಳಕಿಗೆ ಹಿಡಿದು ಸುತ್ತ ನೋಡಿ, "ಚೆನ್ನಾಗಿದೆ ಮಂಗಳಾ ನಿಮ್ಮನೆ ಕಾಫಿ. ಇನ್ನೊಂದ್ಸಲ ಈ ಕಡೆ ಬಂದಾಗ ಬರ್ತೀನಿ," ಎನ್ನುತ್ತಿದ್ದಳು. ಅಪ್ಪ ಇದಕ್ಕೆಲ್ಲ ನೋಡೋಣ ಎಂದು ಹೇಳಿ ಕೆಲಸಕ್ಕೆ ಹೊರಡುತ್ತಿದ್ದರು. ಅಪ್ಪನ ನೋಡೋಣಗಳನ್ನು ಒಟ್ಟು ಮಾಡಿದರೆ ಇನ್ನೊಂದು ಜಗಲಿ ಕಟ್ಟಬಹುದು.

ಲೋಟದ ವಿಷಯ ಅಷ್ಟಕ್ಕೇ ನಿಲ್ಲುವುದಲ್ಲ. ಬಾಗಿಲು ಕೇಳುವುದನ್ನು ಬಿಟ್ಟವರು ಕೊನೆಗೆ ಕೆರೆಯಾಚೆಯ ಬಾಗಿಲಿಲ್ಲದ ಮನೆಗೆ ಹೋಗಬೇಕು. ಕಂಬಗಳ ಮೇಲೊಂದು ಮಾಡು, ಗೋಡೆಗಳ ಬದಲಿಗೆ ಪರದೆಗಳು. ಊಟ ಚೆನ್ನಾಗಿರುತ್ತದೆ, ಗಾಳಿ ಚೆನ್ನಾಗಿರುತ್ತದೆ, ಹೋದವರು ಯಾರೂ ಸೊರಗಿಲ್ಲ. ಅಜ್ಜಿ ತನ್ನ ಗೆಳತಿ ಪದ್ದಮ್ಮನನ್ನು ನೋಡಲು ಒಂದು ಸಲ ಹೋಗಿ ಬಂದಿದ್ದಳು. ಬಂದು ಕಾಲು ತೊಳೆದುಕೊಂಡು ಕೂತಳು. "ಅಲ್ಲಿ ಯಾವಾಗ ಬೇಕಾದ್ರೂ ಒಳಗೆ ಹೋಗಬಹುದು ಕಣೇ ಮಂದಾ. ಯಾರೂ ನೀನಾ ಅಂತ ಕೇಳಲ್ಲ," ಎಂದಳು. ಅದೊಂದು ದಿನ ಅವಳು ಕತೆ ಹೇಳಲಿಲ್ಲ.

ರುದ್ರವೇಣಿಯಕ್ಕ ಒಳ್ಳೆಯದಕ್ಕೇ ಅಂದುಕೊಂಡು ಊರಿನ ಬಾಗಿಲುಗಳ ಉಸ್ತುವಾರಿ ನೋಡುವ ಕದದ ಕಚೇರಿಗೆ ಸುದ್ದಿ ಮುಟ್ಟಿಸಿದಳು. ಅಲ್ಲಿಂದ ಆರಾಧ್ಯರು ಬಂದರು. ನಯವಾದ ಮನುಷ್ಯ, ಜಗಲಿಯ ಮೇಲೆ ಕರವಸ್ತ್ರ ಹಾಸಿ ಕೂತರು. ಬಾಗಿಲು ಕೇಳುತ್ತಿದೆ, ಅಜ್ಜಿಗೆ ಗೊತ್ತಾಗುತ್ತಿಲ್ಲ ಅಷ್ಟೇ ಎಂದು ನಾನು ಹೇಳಿದೆ. ಚಿಲಕದಲ್ಲಿ ನನ್ನ ಕೈಗೇ ತಿಳಿಯಿತು ಎಂದೆ. ಚಿಲಕ ಮುಟ್ಟಿದ್ದು ನೀವಲ್ಲವೇ, ಅದು ನಿಮ್ಮನ್ನು ಕೇಳಿರುತ್ತದೆ ಎಂದರು. ಅವರು ಚೀಲದಿಂದ ಒಂದು ಹೊಸ ವಸ್ತು ತೆಗೆದರು. ಕುಂಕುಮದ ಭರಣಿಯ ಮುಚ್ಚಳದಷ್ಟಗಲದ ಗಾಜಿನ ಬಿಲ್ಲೆ. ಇನ್ನು ಮುಂದೆ ಗುಳಿಯ ಜಾಗದಲ್ಲಿ ಇದೇ ಬರುತ್ತದಂತೆ. ಮರಕ್ಕಿಂತ ನಾಜೂಕಾಗಿ, ಇನ್ನೂ ಸಣ್ಣಗೆ, ಇನ್ನೂ ಚುರುಕಾಗಿ ಕೇಳುತ್ತದಂತೆ. ನಾನು ಬೆರಳಿಟ್ಟೆ. ರೇಷ್ಮೆ ಹರಿದ ಹಾಗೆ ಒಂದು ಜುಮ್ಮು, ಬಹಳ ಚೆನ್ನಾಗಿತ್ತು. ಅಜ್ಜಿ ಅದನ್ನು ಇಸಿದುಕೊಂಡು ಅದರಲ್ಲಿ ತನ್ನ ಮುಖ ನೋಡಿಕೊಂಡು, ಮುಂಗುರುಳು ಸರಿಮಾಡಿಕೊಂಡು ವಾಪಸು ಕೊಟ್ಟಳು.

ಇದನ್ನು ಯಾರ ಬೆರಳಿಗೆ ಹಿಡಿದು ನೋಡಿದ್ದೀರಿ ಎಂದು ಕೇಳಿದೆ. ಕಚೇರಿಯ ಹುಡುಗರು ಎಂದರು. ಕಚೇರಿಯ ಹುಡುಗರು! ಬೆಣ್ಣೆಯಂಥ ಬೆರಳಿನವರು, ಒಂದು ಬಿಸಿ ಪಾತ್ರೆಯನ್ನೂ ಇಳಿಸಿದವರಲ್ಲ. ಆರಾಧ್ಯರು ಎದ್ದು ಕರವಸ್ತ್ರ ಮಡಚಿದರು. ಗುರುವಾರ ಹಗಲಿನಲ್ಲಿ, ನಾಲ್ಕು ಜನರ ಎದುರಿಗೆ, ಅಜ್ಜಿ ಬಾಗಿಲ ಮುಂದೆ ನಿಲ್ಲಬೇಕು. ಮೂರು ಅವಕಾಶ. ಆಗದಿದ್ದರೆ ಗಾಡಿ ಅಲ್ಲೇ ಇರುತ್ತದೆ, ಸಾಮಾನು ಆಮೇಲೆ ಕಳಿಸಬಹುದು ಎಂದರು.

ಗುರುವಾರದ ತನಕ ನಾನು ಪಟ್ಟ ಪಾಡು ನನಗೆ ಗೊತ್ತು. ಬಿಸಿನೀರಿನಲ್ಲಿ ಬೆರಳು ನೆನೆಸು ಎಂದರೆ ನೆನೆಸಿ ನೆರಿಗೆ ಬರಿಸಿಕೊಂಡಳು. ಜಡ್ಡು ತೆಗೆಯೋಣವೆಂದು ಕಾಲುಜ್ಜುವ ಕಲ್ಲು ತಂದರೆ ಕಾಲುಜ್ಜುವ ಕಲ್ಲನ್ನು ಕೈಗೆ ಮುಟ್ಟಿಸುತ್ತೀಯಾ ಎಂದು ರಂಪ ಮಾಡಿದಳು. ಬೆರಳನ್ನು ಒತ್ತಬೇಡ, ಹಗುರವಾಗಿ ಇಡು ಎಂದರೆ ಉದ್ದಿನ ವಡೆಗೆ ತೂತು ಮಾಡುವವಳ ಹಾಗೆ ಒತ್ತುವಳು. ಅಲ್ಲಾಡಿಸಬೇಡ, ಬೆರಳು ಓಡಾಡುತ್ತಿದ್ದರೆ ನಡುಕ ಗೊತ್ತಾಗುವುದಿಲ್ಲ ಎಂದರೆ ಸರಿ ಎಂದು ತಲೆಯಾಡಿಸುತ್ತ ಬೆರಳನ್ನೂ ಆಡಿಸುವಳು. ಸುಮ್ಮನೆ ಇಟ್ಟುಕೊಂಡೇ ಇದ್ದರೆ ಬೆರಳು ಮಂಕಾಗುತ್ತದೆ, ಆಗಾಗ ತೆಗೆದು ಇಡು ಎಂದೆ. ತೊಟ್ಟ ಬಳೆ ಇದೆಯೆಂದು ಕೈಗೆ ಮರೆತುಹೋಗುತ್ತದಲ್ಲ, ಹಾಗೆ. ಅವಳು ಬಳೆಯನ್ನು ನೋಡಿಕೊಂಡು ಅದನ್ನು ಯಾರು ಯಾವ ಜಾತ್ರೆಯಲ್ಲಿ ಕೊಡಿಸಿದರೆಂದು ಹೇಳಲು ಶುರು ಮಾಡಿದಳು. ಅಷ್ಟರಲ್ಲಿ ಬಾಗಿಲು ಕೇಳಿ ಮುಗಿಸಿತ್ತು. ಇನ್ನು ಕೆಲವು ಸಲ ಬಾಗಿಲು ಕೇಳುವ ಮೊದಲೇ, ನನಗೆ ಗೊತ್ತಾಯಿತು ಬಿಡು ಎಂದು ಟಪಟಪ ತಟ್ಟಿ ಉತ್ತರ ಹೇಳಿಬಿಡುವಳು. ತಪ್ಪು ಉತ್ತರ ಬಂದರೆ ಬಾಗಿಲು ಒಂದು ಗಳಿಗೆ ಮುನಿಸಿಕೊಳ್ಳುತ್ತದೆ. ಆ ಒಂದು ಗಳಿಗೆಯಲ್ಲಿ ನನ್ನ ಮುನಿಸು ಅದರದ್ದಕ್ಕಿಂತ ದೊಡ್ಡದಿರುತ್ತಿತ್ತು.

ತಮಾಷೆಯೆಂದರೆ ಬೇರೆ ನಡುಕಗಳೆಲ್ಲ ಅವಳಿಗೆ ನನಗಿಂತ ಮೊದಲು ತಿಳಿಯುತ್ತಿದ್ದವು. ಕೇರಿಯ ತುದಿಯಲ್ಲಿ ಗಾಡಿ ತಿರುಗಿದರೆ ನೆಲಕ್ಕೆ ಅಂಗಾಲು ಊರಿದ ಅವಳೇ ಮೊದಲು ಹೇಳುವಳು. ಹಿಟ್ಟಿನ ಗಿರಣಿ ನಿಂತಿತೆಂದು ಹೇಳುವಳು. ಹಸುವಿನ ಹೊಟ್ಟೆ ಮುಟ್ಟಿ ಒಳಗೆ ಕರು ಒದ್ದಿತೆನ್ನುವಳು. ಚರ್ಮಕ್ಕೆ ಎರಡು ಬಗೆಯ ಕಿವಿ ಇರಬೇಕು ಎಂದು ನನಗೆ ಅನ್ನಿಸತೊಡಗಿತು. ಗುಡುಗುಡು ಎನ್ನುವ ನಿಧಾನದ್ದನ್ನು ಕೇಳುವುದು ಒಂದು, ಝುಂ ಎನ್ನುವ ಸಣ್ಣದನ್ನು ಕೇಳುವುದು ಇನ್ನೊಂದು. ಅಜ್ಜಿಯ ಎರಡನೆಯ ಕಿವಿ ಮಂದವಾಗಿತ್ತು. ನಮ್ಮ ಬಾಗಿಲು ಕೇಳುತ್ತಿದ್ದುದು ಆ ಸಣ್ಣ ನಡುಕದಲ್ಲೇ. ಬಾಗಿಲಿಗೆ ಸ್ವಲ್ಪ ನಿಧಾನವಾಗಿ ಕೇಳಮ್ಮ ಎಂದು ಹೇಳಿ ನೋಡಿದೆ. ನಾನು ಬಾಗಿಲಿನ ಹತ್ತಿರ ಮಾತಾಡುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೆ ಕಾರಣ ಅಜ್ಜಿಯೇ.

ಅವಳು ಹೇಳಿದ ಕತೆಗಳಲ್ಲೆಲ್ಲ ನನ್ನನ್ನು ಹಿಡಿದಿಟ್ಟದ್ದು ಅಂಗೈಯವಳ ಕತೆ. ಮರ್ಯಾದಸ್ಥರು ಬಾಗಿಲನ್ನು ಒಂದೇ ಬೆರಳಿನ ತುದಿಯಲ್ಲಿ ಮುಟ್ಟಬೇಕು. ಅಂಗೈ ಊರುವವರು ಕಳ್ಳರು, ಕುಡುಕರು. ಒಂದೂರಿನಲ್ಲಿ ಒಬ್ಬಳು ಕಿರಿಸೊಸೆ ಹಾಲು ಉಕ್ಕುತ್ತದೆಂದು ಅವಸರದಲ್ಲಿ ಅಂಗೈಯನ್ನೇ ಊರಿಬಿಟ್ಟಳಂತೆ. ಬಾಗಿಲು ಮೊದಲು ಅವಳ ಕೈಯ ಗುರುತನ್ನು ಇಟ್ಟುಕೊಂಡಿತು, ಮರುದಿನ ಮಣಿಕಟ್ಟನ್ನು, ಆಮೇಲೆ ತೋಳನ್ನು. ಕೊನೆಗೆ ಪೂರ್ತಿ ಒಳಗೆಳೆದುಕೊಂಡಿತು. ಈಗಲೂ ಹಲಗೆಯ ಗೆರೆಗಳಲ್ಲಿ ಅವಳ ಸೀರೆಯ ನೆರಿಗೆ ಕಾಣುತ್ತದೆ ಎಂದು ಅಜ್ಜಿ ನಮ್ಮ ಬಾಗಿಲನ್ನೇ ತೋರಿಸುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಹಲಗೆಯಲ್ಲಿ ಆ ಕಿರಿಸೊಸೆಯ ಕಣ್ಣು ಹುಡುಕುತ್ತಿದ್ದೆ. ಈಗಲೂ ಹೊರಗೆ ಹೊರಟರೆ ಅವಳಿಗೆ ಹೋಗಿ ಬರುತ್ತೇನೆ ಎಂದು ಹೇಳಿಯೇ ಹೋಗುವುದು.

ಬುಧವಾರ ಮಧ್ಯಾಹ್ನ ಅಮ್ಮ ಮತ್ತೆ ಆ ಲೋಟದಲ್ಲಿ ಕಾಫಿ ಕೊಟ್ಟಳು. ಅಜ್ಜಿ ಕುಡಿದು ಮುಗಿಸಿದ್ದಳು, ಬೆಲ್ಲದ ವಾಸನೆಗೆ ಒಂದು ದುಂಬಿ ಬಂತು. ದುಂಬಿ ನೆಲದ ಮೇಲೆ ಕೂತ ಕ್ಷಣ ಅಜ್ಜಿ ಲೋಟವನ್ನು ಅದರ ಮೇಲೆ ಬೋರಲು ಹಾಕಿದಳು. "ಅತಿಥಿಗೆ ಅತಿಥಿ ಲೋಟ," ಎಂದಳು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಯೊಂದನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟಳು. ಅಜ್ಜಿ ಎರಡು ಕೈಯಲ್ಲೂ ಲೋಟವನ್ನು ತಬ್ಬಿ ಹಿಡಿದು ನಗತೊಡಗಿದಳು. "ಬೈತಾ ಇದಾನೆ ಕಣೇ. ಏನು ಬೈಗಳು, ಏನು ಬೈಗಳು."

ಒಂದು ಬೆರಳಲ್ಲಿ ಮುಟ್ಟು ಎಂದೆ.

ಮುಟ್ಟಿದಳು. ನಗು ನಿಂತಿತು. ಸತ್ತುಹೋಯಿತೇನೋ ಪಾಪ ಎಂದಳು.

ಎರಡು ಕೈಯಲ್ಲೂ ಹಿಡಿ ಎಂದೆ. ಇಲ್ಲ, ಇದೆ ಎಂದಳು. ಒಂದು ಬೆರಳು ಎಂದೆ. ಹೋಯಿತು ಎಂದಳು. ಅವಳಿಗೆ ರೇಗುವ ತನಕ, ದುಂಬಿಗೂ ರೇಗುವ ತನಕ ಇದನ್ನೇ ಮಾಡಿಸಿದೆ. ಆ ಸಣ್ಣ ಝೇಂಕಾರಕ್ಕೆ ಜಾಗ ಬೇಕು. ಬೆರಳ ತುದಿಯ ಚೂರು ಚರ್ಮದಲ್ಲಿ ಏನೂ ಅನ್ನಿಸದೆ ಹೋದದ್ದು ಎರಡು ಅಂಗೈಯಗಲ ಹರಡಿಕೊಂಡಾಗ ಅಲ್ಲಿಷ್ಟು ಇಲ್ಲಿಷ್ಟು ಕೂಡಿಕೊಂಡು ಗೊತ್ತಾಗುತ್ತದೆ. ಅಷ್ಟೇ ವಿಷಯ. ಇಡೀ ಮಳೆಗಾಲ ನಾವು ಅಜ್ಜಿಯ ಬೆರಳನ್ನು ಉಜ್ಜಿದ್ದೆವು, ನೆನೆಸಿದ್ದೆವು, ಬೈದಿದ್ದೆವು. ಆ ಬೆರಳಿನ ಪಕ್ಕದಲ್ಲೇ ಒಂದು ಅಂಗೈ ಇತ್ತು.

"ನಾಳೆ ಅಂಗೈ ಇಡು ಅಜ್ಜಿ," ಎಂದೆ. "ಬೇಕಾದರೆ ಎರಡೂ ಇಡು. ಕೆನ್ನೆ ಇಡು. ಅಗಲವಾಗಿ ಆತುಕೊಂಡಷ್ಟೂ ಒಳ್ಳೆಯದು."

ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಾನು ಬೀದಿಯಲ್ಲಿ ಸೀರೆ ಬಿಚ್ಚು ಎಂದಿದ್ದರೂ ಅಷ್ಟು ದಿಟ್ಟಿಸುತ್ತಿರಲಿಲ್ಲವೇನೋ. "ನಾಲ್ಕು ಜನರೆದುರು ಬಾಗಿಲು ತಬ್ಬಿಕೊಳ್ಲಾ? ಕುಡುಕರ ಹಾಗೆ? ಈ ಮನೆಗೆ ಬಂದಾಗಿನಿಂದ ಬಾಗಿಲಿಗೆ ಒಂದು ಬೆರಳು ಬಿಟ್ಟು ಇನ್ನೊಂದು ಬೆರಳು ಇಟ್ಟವಳಲ್ಲ ನಾನು."

ಅವಳಿಗೆ ಅವಳದೇ ಕತೆಯಿಂದ ಹೇಳಿ ನೋಡಿದೆ. ಕಿರಿಸೊಸೆ ಬಾಗಿಲೊಳಗೆ ಹೋದಳಲ್ಲ, ಈಗ ಒಳಗಿನಿಂದ ಯಾರು ನೀನು ಎಂದು ಕೇಳುತ್ತಿರುವವಳು ಅವಳೇ ಇರಬೇಕು. ಅವಳೂ ಈ ಮನೆಗೆ ಸೊಸೆಯಾಗಿ ಬಂದವಳೇ ತಾನೆ, ಅವಳನ್ನು ಆತುಕೊಂಡರೆ ಏನು ತಪ್ಪು ಎಂದೆ.

"ಕತೆ ಕೆಡಿಸಬೇಡ," ಎಂದಳು ಅಜ್ಜಿ. "ನಾನು ಹೇಳಿದ್ದನ್ನ ಹೇಳಿದ ಹಾಗೆ ಇಟ್ಕೊಳೋದಾದ್ರೆ ಇಟ್ಕೋ. ಇಲ್ಲಾಂದ್ರೆ ವಾಪಸ್ ಕೊಡು."

ಸಿಟ್ಟಿನಿಂದ ನನಗೆ ಅಳು ಬಂತು. ಗಾಡಿ ಬರುತ್ತದೆ ಅಜ್ಜಿ, ಬಾಗಿಲಿಲ್ಲದ ಮನೆಗೆ ಹೋಗುತ್ತೀಯಾ ಎಂದೆ. ಮರ್ಯಾದೆಯಾಗಿ ಹೋಗುತ್ತೇನೆ ಎಂದಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಯಾವಾಗಿನಿಂದಲೋ. ಅವಳು ಬಂದು ಲೋಟ ಎತ್ತಿದಳು, ದುಂಬಿ ಹಾರಿಹೋಯಿತು.

ಗುರುವಾರ ಜಗಲಿಯ ಮುಂದೆ ನಾಲ್ಕಲ್ಲ, ಕೇರಿಯೇ ಸೇರಿತ್ತು. ಅಜ್ಜಿ ಗಂಜಿ ಹಾಕಿದ ಸೀರೆ ಉಟ್ಟು, ಮುಖಕ್ಕೆ ಪೌಡರು ಹಚ್ಚಿಕೊಂಡು ಬಂದಳು. ಇಷ್ಟು ಪೌಡರು ಯಾಕೆ ಎಂದು ನಾನು ಪಿಸುಗುಟ್ಟಿದರೆ ಕಚೇರಿಯವರು ಬಂದಿದ್ದಾರೆ ಎಂದಳು. ಅರ್ಧ ಡಬ್ಬಿ ಖಾಲಿಯಾಗಿತ್ತು. ಆರಾಧ್ಯರ ಹಿಂದೆ ಗಾಡಿ ನಿಂತಿತ್ತು, ಎತ್ತು ಆಗಲೇ ನಮ್ಮ ಬಾಳೆಗಿಡದ ಎಲೆ ತಿನ್ನುತ್ತಿತ್ತು. ಅಪ್ಪ ಕೈಕಟ್ಟಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದರು. ಈ ಸಲ ನೋಡೋಣ ಎನ್ನಲಿಲ್ಲ.

ಮೊದಲನೆಯ ಸಲ ಅಜ್ಜಿ ಬೆರಳಿಟ್ಟು ಬಹಳ ಹೊತ್ತು ನಿಂತಳು. ಏನೂ ತಟ್ಟಲಿಲ್ಲ. ಆರಾಧ್ಯರು ಕೆಮ್ಮಿದರು. ಎರಡನೆಯ ಸಲ ಇಟ್ಟ ಕೂಡಲೇ ಏನೋ ತಟ್ಟಿದಳು, ಬಾಗಿಲು ಅಲ್ಲಾಡಲಿಲ್ಲ. ಜನರಲ್ಲಿ ಯಾರೋ ಪಾಪ ಎಂದರು. ಆ ಪಾಪ ಎನ್ನುವ ಮಾತು ಅವಳ ಬೆನ್ನಿಗೆ ತಾಗಿದ್ದು ನನಗೆ ಕಾಣಿಸಿತು. ಬೆರಳು ಗುಳಿಯಿಂದ ಜಾರಿತು. ಅವಳು ಬಾಗಿಲನ್ನೇ ನೋಡುತ್ತ ನಿಂತಳು, ಆಮೇಲೆ ಗಾಡಿಯನ್ನು ನೋಡಿದಳು, ಆಮೇಲೆ ನಮ್ಮ ಕಡೆ ತಿರುಗಿದಳು.

"ಎಲ್ಲಾ ಆ ಕಡೆ ತಿರುಗಿ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. "ಬೀದಿ ಕಡೆ ತಿರುಗಿ ಅಂದೆ. ಹೆಂಗಸು ಬಾಗಿಲು ಮುಟ್ಟೋದನ್ನ ಬಾಯಿ ಬಿಟ್ಕೊಂಡು ನೋಡೋದೇನಿದೆ?"

ಆರಾಧ್ಯರು ಹಾಗೆ ಆಗುವುದಿಲ್ಲ, ತಾವು ಕಣ್ಣಾರೆ ನೋಡಬೇಕು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮುಂದೆ ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಕೇಳಿದ್ದನ್ನ ಹೇಳಿದ್ರೆ ಬಾಗಿಲು ತೆರೆಯುತ್ತೆ, ಇಲ್ಲದಿದ್ರೆ ಇಲ್ಲ. ನೀವು ನೋಡಿದ್ರೆ ಜಾಸ್ತಿ ತೆರೆಯುತ್ತಾ?" ಎಂದಳು. "ತಿರುಗಿ ಸ್ವಾಮಿ. ನಮ್ಮತ್ತೆ ಹೇಳ್ತಾ ಇದಾರೆ."

ನಮ್ಮತ್ತೆ ಎಂಬ ಮಾತನ್ನು ಅಮ್ಮನ ಬಾಯಲ್ಲಿ ಅಷ್ಟು ಜೋರಾಗಿ ನಾನು ಕೇಳಿರಲಿಲ್ಲ. ಆರಾಧ್ಯರು ತಿರುಗಿದರು. ಅವರು ತಿರುಗಿದ ಮೇಲೆ ಅಪ್ಪ, ರುದ್ರವೇಣಿಯಕ್ಕ, ಕೇರಿಯವರು, ಗಾಡಿಯವನು ಎಲ್ಲರೂ ತಿರುಗಿ ಎದುರುಮನೆಯ ಗೋಡೆ ನೋಡುತ್ತ ನಿಂತರು. ಎತ್ತು ಮಾತ್ರ ನಮ್ಮ ಕಡೆಯೇ ನೋಡುತ್ತಿತ್ತು. ನೀನೂ ಎಂದಳು ಅಜ್ಜಿ ನನಗೆ. ನಾನೂ ತಿರುಗಿದೆ.

ಹಿಂದಿನಿಂದ ಗಂಜಿ ಸೀರೆ ಸರಪರ ಎಂದಿತು. ಬಳೆಗಳು ಮರಕ್ಕೆ ತಾಗಿದವು. ಆಮೇಲೆ ಏನೂ ಇಲ್ಲ. ರುದ್ರವೇಣಿಯಕ್ಕನ ಕುತ್ತಿಗೆ ತಿರುಗಲು ಒದ್ದಾಡುತ್ತಿತ್ತು, ಅಮ್ಮ ಅವಳ ತೋಳು ಹಿಡಿದುಕೊಂಡಿದ್ದಳು. ಆಗ ಅಜ್ಜಿಯ ಪಿಸುಮಾತು ಕೇಳಿಸಿತು, ಯಾರನ್ನೋ ತೊಡೆಯ ಮೇಲೆ ಮಲಗಿಸಿಕೊಂಡು ಆಡುವಂಥ ಮಾತು.

"ಏನಮ್ಮಾ? ಹೂಂ. ಅದನ್ನ ಇಷ್ಟು ದಿನ ಬಾಯಿ ಬಿಟ್ಟು ಹೇಳೋದಲ್ವಾ?"

ತಟ್ಟುವ ಸದ್ದು. ಮೂರು, ತಡೆದು ಒಂದು, ತಡೆದು ಎರಡು. ಅವಸರವಿಲ್ಲದೆ.

ಬಾಗಿಲಿನ ಕೀಲು ಕಿರುಗುಟ್ಟಿತು. ನಾವೆಲ್ಲ ತಿರುಗುವಷ್ಟರಲ್ಲಿ ಅಜ್ಜಿ ಹೊಸ್ತಿಲ ಒಳಗೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹೇಗೆ ಮುಟ್ಟಿದಿರಿ ಎಂದು ಆರಾಧ್ಯರು ಕೇಳಿದರು. ಅವಳು ತೋರುಬೆರಳು ಎತ್ತಿ ತೋರಿಸಿದಳು. ಒಂದೇ ಒಂದು. ಅವಳ ಎಡಗೆನ್ನೆಯಲ್ಲಿ ಪೌಡರು ಇರಲಿಲ್ಲ, ಬಲಗೆನ್ನೆಯಲ್ಲಿ ಪೂರ್ತಿ ಇತ್ತು. ಆರಾಧ್ಯರು ಅದನ್ನು ನೋಡಿದರೋ ಇಲ್ಲವೋ, ಸರಿ ಎಂದು ಹೇಳಿ ಗಾಡಿ ಹತ್ತಿ ಹೋದರು. ನಾನು ಅವರ ಹಿಂದೆ ಓಡಿ, ಆ ಗಾಜಿನ ಬಿಲ್ಲೆಯನ್ನು ಊಟದ ತಟ್ಟೆಯಷ್ಟಗಲ ಮಾಡಿ, ಸ್ವಲ್ಪ ನಿಧಾನವಾಗಿ ಕೇಳುವ ಹಾಗೆ ಮಾಡಿ ಎಂದು ಹೇಳಿದೆ. ಅಷ್ಟು ದೊಡ್ಡದು ನೋಡಲು ಚೆನ್ನಾಗಿರುವುದಿಲ್ಲ ಎಂದರು. ನಾನು ಗಾಡಿಯ ಹಿಂದೆ ಮೂಲೆಯ ತನಕ ನಡೆದು ಯಾಕೆ ಚೆನ್ನಾಗಿರುವುದಿಲ್ಲ ಎಂದು ವಾದಿಸಿದೆ. ಅವರು ಕಚೇರಿಯಲ್ಲಿ ಕೇಳುತ್ತೇನೆ ಎಂದರು. ಅದು ಅಪ್ಪನ ನೋಡೋಣದ ತಮ್ಮ.

ಉರಿಯುತ್ತ ಮನೆಗೆ ಬಂದೆ. ಬೀದಿ ಖಾಲಿಯಾಗಿತ್ತು, ಎಲ್ಲರೂ ಒಳಗೆ ಹೋಗಿದ್ದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತ್ತು. ಗುಳಿಯಲ್ಲಿ ಬೆರಳಿಟ್ಟೆ. ಬೆರಳು ನಡುಗುತ್ತಿತ್ತು, ನನ್ನ ಸಿಟ್ಟಿನ ನಡುಕವೇ ಅದರ ತುಂಬ ಇತ್ತು. ಬಾಗಿಲು ಕೇಳುತ್ತಿದೆಯೋ ಇಲ್ಲವೋ ಒಂದೂ ತಿಳಿಯಲಿಲ್ಲ. ತೆಗೆದು ಮತ್ತೆ ಇಟ್ಟೆ. ಒಳಗೆ ಲೋಟಗಳ ಸದ್ದಾಗುತ್ತಿತ್ತು. ಅಮ್ಮ ಏನೋ ಹೇಳಿದಳು, ಅಜ್ಜಿ ನಕ್ಕಳು. ಆಮೇಲೆ ಅವಳ ದನಿ ಬಾಗಿಲ ಹತ್ತಿರವೇ ಬಂತು.

"ಯಾರದು? ಅತಿಥಿಗಳಾ? ಮಂಗಳಾ, ಆ ಉದ್ದನೆ ಲೋಟ ಎತ್ತಿಡಬೇಡ, ಯಾರೋ ಬಂದ ಹಾಗಿದೆ."

ಬಾಗಿಲು ತೆಗಿ ಅಜ್ಜಿ ಎಂದೆ. ತೆಗೆಯಲಿಲ್ಲ. ಜಗಲಿಯ ಮೇಲೆ ಕೂತು ತಣ್ಣಗಾಗುವಷ್ಟು ತಾಳ್ಮೆ ನನಗಿರಲಿಲ್ಲ. ಗುಳಿಯ ಪಕ್ಕದಲ್ಲಿ, ನನ್ನ ಗಲ್ಲದ ಎತ್ತರಕ್ಕೆ, ಕಪ್ಪು ಹಲಗೆಯ ಮೇಲೆ ಬೆಳ್ಳಗೆ ಒಂದು ಕೆನ್ನೆ ಅಂಟಿಕೊಂಡಿತ್ತು. ಅದರ ಎರಡೂ ಕಡೆ ಎರಡು ಅಂಗೈ. ರುದ್ರವೇಣಿಯಕ್ಕನ ಕಿಟಕಿ ನೋಡಿದೆ, ಮುಚ್ಚಿತ್ತು. ಸ್ವಲ್ಪ ಬಗ್ಗಿದೆ. ಅಜ್ಜಿಯ ಅಂಗೈಗಳ ಮೇಲೆ ನನ್ನ ಅಂಗೈಗಳನ್ನಿಟ್ಟು, ಆ ಪೌಡರಿನ ಘಮದ ಮೇಲೆ ಕೆನ್ನೆ ಊರಿದೆ. ಮರ ಬಿಸಿಲಿಗೆ ಬೆಚ್ಚಗಿತ್ತು. ಕೈಗಳ ನಡುಕ ಕೈಗಳಲ್ಲೇ ಉಳಿಯಿತು. ಕೆನ್ನೆಗೆ, ಬಹಳ ಸಣ್ಣಗೆ, ಬಾಗಿಲು ಕೇಳತೊಡಗಿತು.